ಎರೆಹೊಲವೂ ಸೌರಫಲಕಗಳೂ: ಊರ ಮುಖಂಡರಿಗೂ ಭೂಮಾಲಿಕರಿಗೂ ಒಂದು ಅರಿಕೆ

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ಒಕ್ಕಲಿಗರಿಗೆ ಬಿಸಿಲು ಹೊಸತಲ್ಲ. ಬೇಸಗೆಯಲ್ಲಿ ನಲವತ್ತು ಡಿಗ್ರಿಗಳನ್ನು ಮೀರುವ ಈ ತಾಪವನ್ನು ನಮ್ಮ ಹಿರಿಯರು ಒಂದು ಪೀಡೆಯೆಂದೇ ಎಣಿಸುತ್ತ ಬಂದರು. ಈಗ ಅದೇ ಬಿಸಿಲು ಮಾರಾಟದ ಪದಾರ್ಥವಾಗಿದೆ. ಹೊಲದಲ್ಲಿ ಕಂಬಗಳನ್ನು ನೆಟ್ಟು, ಅವುಗಳ ಮೇಲೆ ಸೌರಫಲಕಗಳನ್ನು ಜೋಡಿಸಿ, ಹುಟ್ಟಿದ ವಿದ್ಯುಚ್ಛಕ್ತಿಯನ್ನು ಮಾರುವುದು ಒಂದು ಉದ್ಯಮವಾಗಿದೆ; ಅದಕ್ಕಾಗಿ ಭೂಮಿಯನ್ನು ದೀರ್ಘಕಾಲದ ಗುತ್ತಿಗೆಗೆ ಕೇಳುವವರೂ ಉಂಟು. ನಮ್ಮ ಅಭಿಪ್ರಾಯವನ್ನು ಮೊದಲೇ ಅರಿಕೆಮಾಡುತ್ತೇವೆ: ಸೌರಫಲಕಗಳನ್ನು ಬೇಡವೆನ್ನಬೇಕಾದುದಿಲ್ಲ, ಆದರೆ ಅವುಗಳಿಗೆ ತಕ್ಕ ಸ್ಥಾನವು ಮಡ್ಡಿಯೇ ಹೊರತು ತೊಗರಿ ಬೆಳೆಯುವ ಎರೆಹೊಲವಲ್ಲ.

ಗುತ್ತಿಗೆಯ ಆಸೆಗೆ ಕಾರಣವಿಲ್ಲದಿಲ್ಲ. 2022ರ ಹಂಗಾಮಿನಲ್ಲಿ ನೆಟೆರೋಗವು ತೊಗರಿಯನ್ನು ನಿಂತಲ್ಲಿಯೇ ಒಣಗಿಸಿತು. 2023ರಲ್ಲಿ ಮಳೆ ಕೈಕೊಟ್ಟಿತು. 2025ರಲ್ಲಿ ಅತಿವೃಷ್ಟಿಯೂ ಭೀಮೆಯ ಪ್ರವಾಹವೂ ಸೇರಿ ಬೆಳೆಯನ್ನು ಕೆಡಿಸಿದವು. ಇಂಥ ವರ್ಷಗಳನ್ನು ಕಂಡವನಿಗೆ ಮಳೆಯ ಹಂಗಿಲ್ಲದೆ ಬರುವ ನಿಶ್ಚಿತವಾದ ಹಣವು ಹಿತವಾಗಿ ತೋರುವುದು ಸಹಜ. ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನಲ್ಲಿ ಸುಮಾರು 13,000 ಎಕರೆಗಳನ್ನು ರೈತರಿಂದ ಗುತ್ತಿಗೆಗೆ ಪಡೆದು ಕಟ್ಟಿದ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನವು 2019ರ ಕೊನೆಗೆ ಪೂರ್ಣವಾಯಿತು. ವರ್ಷಕ್ಕೆ ಎಕರೆಗೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ. ಇದು ಅಲ್ಲಿಯ ಕರಾರು. ಬರಗಾಲಕ್ಕೆ ಮೇಲಿಂದ ಮೇಲೆ ತುತ್ತಾಗುವ ಆ ಸೀಮೆಗೆ ಅದು ಒಪ್ಪಿರಬಹುದು. ಆದರೆ ಅಲ್ಲಿಯ ಲೆಕ್ಕವನ್ನು ಭೀಮಾ-ಅಮರ್ಜಾ ತೀರದ ಕಪ್ಪು ಎರೆಗೆ ಅನ್ವಯಿಸುವುದು ಯುಕ್ತವಲ್ಲ.

ಏರಿಕೆಯೊಂದನ್ನೇ ನೋಡಿರಿ. ಮೇಲ್ಕಂಡ ಕರಾರಿನ ಪ್ರಕಾರ ಗುತ್ತಿಗೆಯ ಹಣವು ಹತ್ತು ವರ್ಷಗಳಲ್ಲಿ ನೂರಕ್ಕೆ ಸುಮಾರು 28ರಷ್ಟು ಹೆಚ್ಚುವುದು. ತೊಗರಿಯ ಕನಿಷ್ಠ ಬೆಂಬಲ ಬೆಲೆಯಾದರೋ 2014-15ರಲ್ಲಿ ಕ್ವಿಂಟಲಿಗೆ 4,350 ರೂಪಾಯಿ ಇದ್ದದ್ದು 2024-25ರಲ್ಲಿ 7,550 ರೂಪಾಯಿ ಆಯಿತು. ಅಂದರೆ ಹತ್ತು ವರ್ಷಗಳಲ್ಲಿ ನೂರಕ್ಕೆ 73ಕ್ಕೂ ಮೇಲೆ ಏರಿತು. ಬೇಸಾಯದ ಖರ್ಚೂ ಅದರೊಡನೆ ಏರಿದೆಯೆಂಬುದು ನಿಜ. ಪೇಟೆಯ ಧಾರಣೆಯು ಬೆಂಬಲ ಬೆಲೆಗಿಂತ ಕೆಳಗಿಳಿದ ವರ್ಷಗಳೂ ಉಂಟು. ಆದರೂ ಇಪ್ಪತ್ತೈದು ವರ್ಷಗಳಿಗೆ ಭೂಮಿಯನ್ನು ಬಿಟ್ಟುಕೊಡುವವನು ಮೊದಲನೆಯ ವರ್ಷದ ಬೆಲೆಯನ್ನು ನೋಡಿ ಒಪ್ಪುತ್ತಾನೆ, ಕೊನೆಯ ವರ್ಷದ ಬೆಲೆಗಳಲ್ಲಿ ಸಂಸಾರ ನಡೆಸಬೇಕಾಗುತ್ತದೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯು ದೊರೆತಿದೆ. ಆ ಹೆಸರಿನ ಬೆಲೆಯು ನೆಲದಿಂದ ಬಂದದ್ದು. ನೆಲವನ್ನು ಮುಚ್ಚಿದ ಮೇಲೆ ಹೆಸರಿನಿಂದ ಪ್ರಯೋಜನವಿಲ್ಲ.

ಇನ್ನು ಊರಿನ ಹಿತ. ಗುತ್ತಿಗೆಯ ಹಣವು ಪಹಣಿಯಲ್ಲಿ ಹೆಸರಿದ್ದವನಿಗೆ ಬರುತ್ತದೆ. ಆದರೆ ಆ ಹೊಲದಲ್ಲಿ ಕಳೆ ತೆಗೆದು, ತೊಗರಿ ಕೊಯ್ದು, ರಾಶಿ ಮಾಡಿ ಹೊಟ್ಟೆ ಹೊರೆಯುತ್ತಿದ್ದ ಕೂಲಿಕಾರರಿಗೂ, ಸುಗ್ಗಿಯ ನಂತರ ಅಲ್ಲಿ ಕುರಿ ಮೇಯಿಸುತ್ತಿದ್ದವರಿಗೂ ಅದರಲ್ಲಿ ಪಾಲಿಲ್ಲ. ಪಾವಗಡದಲ್ಲಿ ಕಷ್ಟಕ್ಕೆ ಸಿಕ್ಕಿದವರು ಇವರೇ. ಫಲಕಗಳನ್ನು ನಿಲ್ಲಿಸುವಾಗ ಕೆಲಸವು ಬಹಳವಿದ್ದರೂ, ನಿಂತ ಮೇಲೆ ಕಾವಲು, ಹುಲ್ಲು ಕೀಳುವುದು, ಫಲಕ ತೊಳೆಯುವುದು ಇಷ್ಟೇ ಉಳಿಯುವುದು. ಆದಕಾರಣ ಸೌರಫಲಕಗಳಿಗೆಂದು ಊರ ಗಾಯರಾಣವನ್ನು ತೋರಿಸುವುದು ಎಷ್ಟು ಮಾತ್ರಕ್ಕೂ ಕೂಡದು.

ಹಾಗಾದರೆ ಈ ಶಕ್ತಿಯನ್ನು ಯಾವ ರೀತಿಯಲ್ಲಿ ಬಳಸಿಕೊಳ್ಳಬೇಕು? 1 ಮೆಗಾವ್ಯಾಟಿಗೆ ನಾಲ್ಕರಿಂದ ಐದು ಎಕರೆ ಸಾಕು. ಅದರಿಂದ ವರ್ಷಕ್ಕೆ ಸುಮಾರು 15 ಲಕ್ಷ ಯೂನಿಟ್ ವಿದ್ಯುತ್ತು ಹುಟ್ಟಬಹುದು. ಕೇಂದ್ರ ಸರ್ಕಾರವು 2019ರಲ್ಲಿ ಆರಂಭಿಸಿದ ಕುಸುಮ್ ಯೋಜನೆಯ ಮೊದಲನೆಯ ಭಾಗವು, ಉಪಕೇಂದ್ರದಿಂದ 5 ಕಿಲೋಮೀಟರಿನೊಳಗೆ, 500 ಕಿಲೋವ್ಯಾಟಿನಿಂದ 2 ಮೆಗಾವ್ಯಾಟಿನ ವರೆಗಿನ ಸ್ಥಾವರಗಳನ್ನು ಉದ್ದೇಶಿಸಿತು. ಬಂಜರು ಬೀಳು ಭೂಮಿಗೆ ಅದರಲ್ಲಿ ಪ್ರಾಶಸ್ತ್ಯ. ಸಾಗುವಳಿಯ ಭೂಮಿಯಾದರೆ ಕೆಳಗೆ ಬೆಳೆ ಬರುವಂತೆ ಎತ್ತರವಾದ ಕಂಬಗಳ ಮೇಲೆ ಫಲಕಗಳನ್ನು ಕೂಡಿಸಬೇಕೆಂದು ನಿಯಮ. ರೈತರು ಒಬ್ಬೊಬ್ಬರಾಗಿಯೂ ಸಹಕಾರ ಸಂಘದ ಮೂಲಕವೂ ಸ್ಥಾವರದ ಒಡೆಯರೇ ಆಗಬಹುದೆಂದು ಅದು ಹೇಳಿತು. ಬಂಡವಾಳವು ಒಬ್ಬನ ಶಕ್ತಿಗೆ ಮೀರಿದ್ದಾದುದರಿಂದ, ಮಡ್ಡಿಯುಳ್ಳ ಐದಾರು ಮಂದಿ ಕೂಡಿ ನಡೆಯುವುದು ಮೇಲು.

ಎರೆಹೊಲದಲ್ಲಿಯೇ ಹಾಕಬೇಕಾಗಿ ಬಂದರೆ ಕೆಲವು ಸಂಗತಿಗಳನ್ನು ಮರೆಯಬಾರದು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವುದರಿಂದ, ಬುನಾದಿಯು ಆಳವಾಗಿರದಿದ್ದರೆ ಕಂಬಗಳು ಮೇಲಕ್ಕೆದ್ದು ವಾಲುವುವು. 2020ರ ಮತ್ತು 2025ರ ಪ್ರವಾಹಗಳಲ್ಲಿ ಭೀಮೆಯ ನೀರು ಎಲ್ಲಿಯ ವರೆಗೆ ಬಂದಿತ್ತೆಂಬುದನ್ನು ಅಫಜಲಪುರ, ಜೇವರ್ಗಿಗಳ ನದೀತೀರದವರು ನೆನೆಯಬೇಕು. ಆಳೆತ್ತರ ಬೆಳೆಯುವ ತೊಗರಿಯೂ ಜೋಳವೂ ಫಲಕಗಳ ನೆರಳಿಗೆ ಸಲ್ಲವು. ಸಾಲುಗಳ ನಡುವೆ ಹೆಸರು, ಉದ್ದು, ಕಡಲೆ, ಮೇವಿನಂಥ ಗಿಡ್ಡ ಬೆಳೆಗಳನ್ನು ಪರೀಕ್ಷಿಸಬೇಕು. ಜೋಧಪುರದ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆಯು ಹೆಸರು, ಜೀರಿಗೆ ಮೊದಲಾದುವನ್ನು ಹೀಗೆಯೇ ಬೆಳೆಯಿಸಿ, ಫಲಕಗಳ ಮೇಲೆ ಬಿದ್ದ ಮಳೆನೀರನ್ನು ಕೂಡಿಟ್ಟು ಬಳಸಿದೆ. ಜಪಾನ್ ಸರ್ಕಾರವು 2013ರಲ್ಲಿ ಹೊಲಗಳ ಮೇಲೆ ಫಲಕಗಳಿಗೆ ಅಪ್ಪಣೆ ಕೊಡುವಾಗ, ಬೆಳೆಯು ಆ ಪ್ರದೇಶದ ಸರಾಸರಿಯಲ್ಲಿ ನೂರಕ್ಕೆ 80ಕ್ಕಿಂತ ಕಡಿಮೆಯಾಗಕೂಡದೆಂದು ನಿಬಂಧನೆ ಹಾಕಿತು. ಇಂಥ ನಿಬಂಧನೆಯನ್ನು ನಮ್ಮ ಊರುಗಳು ತಾವಾಗಿಯೇ ಹಾಕಿಕೊಂಡರೆ ತಪ್ಪೇನು?

ಕರಾರಿಗೆ ಒಪ್ಪುವವರು ಇಷ್ಟನ್ನಾದರೂ ನೋಡಿಕೊಳ್ಳತಕ್ಕದ್ದು. ಗುತ್ತಿಗೆ ಪತ್ರವು 1908ರ ನೋಂದಣಿ ಕಾಯಿದೆಯಂತೆ ನೋಂದಣಿಯಾಗಿರಬೇಕು. ಅವಿಭಕ್ತ ಕುಟುಂಬವಾದರೆ ಹೆಣ್ಣುಮಕ್ಕಳನ್ನೂ ಸೇರಿಸಿ ಹಕ್ಕುದಾರರೆಲ್ಲರ ಒಪ್ಪಿಗೆಯಿರಬೇಕು. ಭೂಮಿಯನ್ನು ಒತ್ತೆಯಿಡುವ ಅಥವಾ ಒಡೆಯನನ್ನು ಕೇಳದೆ ಪರರಿಗೆ ವಹಿಸುವ ಅಧಿಕಾರವು ಗುತ್ತಿಗೆದಾರನಿಗಿರಕೂಡದು. ಅವಧಿ ಮುಗಿದ ಮೇಲೆ ಕಂಬ, ಬುನಾದಿ, ಒಡೆದ ಫಲಕಗಳನ್ನು ಕಿತ್ತೊಯ್ದು ಹೊಲವನ್ನು ಉಳುವ ಸ್ಥಿತಿಯಲ್ಲಿ ಒಪ್ಪಿಸಲು ಮುಂಗಡವಾಗಿ ಠೇವಣಿ ಇಡಿಸಬೇಕು. ಒಡ್ಡು, ನಾಲೆ, ಬಂಡಿದಾರಿಗಳನ್ನು ಕಟ್ಟಕೂಡದು. ಉಪಕೇಂದ್ರದಲ್ಲಿ ಎಡೆಯುಂಟೆಂದು ಜೆಸ್ಕಾಂ ಕಂಪನಿಯ ಪತ್ರವೂ, ಕಂದಾಯ ಇಲಾಖೆಯಿಂದ ಭೂಮಿಯ ಬಳಕೆಗೆ ಬೇಕಾದ ಅನುಮತಿಯೂ ಕೈಗೆ ಬಾರದೆ ಒಂದು ಕಂಬವನ್ನೂ ನೆಡಿಸಬಾರದು.

ಊರ ಮುಖಂಡರ ಒಂದು ಸಹಿಯನ್ನು ನೋಡಿ ಹತ್ತು ಮಂದಿ ಹೆಬ್ಬೆಟ್ಟು ಒತ್ತುವುದುಂಟು. ಆದುದರಿಂದ ಅವರ ಹೊಣೆಯು ಉಳಿದವರಿಗಿಂತ ಹೆಚ್ಚಿನದು. ಕರಾರುಪತ್ರವನ್ನು ಚಾವಡಿಯಲ್ಲಿ ಎಲ್ಲರೆದುರು ಕನ್ನಡದಲ್ಲಿ ಓದಿಸಿರಿ. ಕೂಲಿಕಾರರನ್ನೂ ಕುರಿಗಾರರನ್ನೂ ಕರೆಯಿರಿ. ಮಡ್ಡಿ ಯಾವುದು, ಎರೆ ಯಾವುದು ಎಂಬುದನ್ನು ನೀವೇ ನಿಂತು ತೋರಿಸಿರಿ. ಬಿಸಿಲು ನಾಳೆಯೂ ಬರುವುದು, ಅದಕ್ಕೆ ಅವಸರವಿಲ್ಲ. ಒಮ್ಮೆ ಕೊಟ್ಟ ಹೊಲವಾದರೋ ಒಂದು ತಲೆಮಾರು ಕಳೆದಲ್ಲದೆ ಮರಳಿ ಬಾರದು.