ತೆರೆದ ಬಾಗಿಲಿನ ಹೊಣೆ ಯಾರದು?

ಕೇಳಿದ್ದನ್ನು ಒಡನೆಯೇ ಒದಗಿಸುವುದು ಒಳ್ಳೆಯ ಸೇವಕನ ಲಕ್ಷಣ. ಆದರೆ ಕೇಳಿದವರು ಯಾರೆಂದು ವಿಚಾರಿಸದೆ ಒದಗಿಸುವ ಸೇವಕನಿಂದ ನೆರೆಹೊರೆಗೆ ಕೇಡು ತಪ್ಪಿದ್ದಲ್ಲ. 2018ರಲ್ಲಿ ಗಣಕಯಂತ್ರಗಳ ಲೋಕದಲ್ಲಿ ನಡೆದ ಘಟನೆಯೊಂದು ಇದಕ್ಕೆ ನಿದರ್ಶನವಾಗಿದೆ.

ಮೆಮ್‌ಕ್ಯಾಶ್‌ಡ್ ಎಂಬ ತಂತ್ರಾಂಶವನ್ನು ಅಮೆರಿಕದ ಬ್ರ್ಯಾಡ್ ಫಿಟ್ಜ್‌ಪ್ಯಾಟ್ರಿಕ್ ಎಂಬವರು 2003ರಲ್ಲಿ ರಚಿಸಿದರು. ಜಾಲತಾಣಗಳಿಗೆ ಪದೇ ಪದೇ ಬೇಕಾಗುವ ಮಾಹಿತಿಯನ್ನು ಸರ್ವರ್‌ನ ಸ್ಮೃತಿಯಲ್ಲಿ ಸಿದ್ಧವಾಗಿಟ್ಟುಕೊಂಡು, ಕೇಳಿದೊಡನೆ ಕೊಡುವುದು ಇದರ ಕಾರ್ಯ. ಒಂದೇ ಸಂಸ್ಥೆಯೊಳಗಿನ ನಂಬಿಕೆಯ ಯಂತ್ರಗಳಿಗಾಗಿ ಹುಟ್ಟಿದ್ದರಿಂದ, ಕೇಳುವವರ ಗುರುತನ್ನು ಪರೀಕ್ಷಿಸುವ ಗೋಜಿಗೆ ಇದು ಹೋಗುತ್ತಿರಲಿಲ್ಲ. ಇದನ್ನು ಹಲವರು ಅಂತರಜಾಲಕ್ಕೆ ತೆರೆದಿಟ್ಟರು. ಅದರಲ್ಲಿ ಯುಡಿಪಿ ಎಂಬ ಸಂಪರ್ಕ ವಿಧಾನವೂ ತಾನಾಗಿಯೇ ಚಾಲ್ತಿಯಲ್ಲಿತ್ತು.

ಯುಡಿಪಿಯನ್ನು ಅಂಚೆಯ ಕಾರ್ಡಿಗೆ ಹೋಲಿಸಬಹುದು. ಕಾರ್ಡಿನ ಮೇಲೆ ಬರೆದ ವಿಳಾಸವು ಕಳುಹಿಸಿದವನದೇ ಎಂಬುದಕ್ಕೆ ಆಧಾರವೇನು? ದುಷ್ಟನೊಬ್ಬನು ನಿಮ್ಮ ವಿಳಾಸವನ್ನು ಬರೆದು ನೂರಾರು ಅಂಗಡಿಗಳಿಂದ ಸಾಮಾನು ತರಿಸಿದರೆ, ಮೂಟೆಗಳು ಬಂದು ಬೀಳುವುದು ನಿಮ್ಮ ಬಾಗಿಲಿಗೆ! ಇಲ್ಲಿ ಆದುದೂ ಅದೇ. ಕೇವಲ 15 ಬೈಟ್‌ಗಳ ಬೇಡಿಕೆಗೆ 750 ಕಿಲೋಬೈಟ್‌ಗಳ ಉತ್ತರ ಹೊರಟದ್ದುಂಟು. ಎಂದರೆ ಸುಮಾರು ಐವತ್ತು ಸಾವಿರ ಪಟ್ಟು. 2018ರ ಫೆಬ್ರವರಿ 28ರಂದು ಗಿಟ್‌ಹಬ್ ಎಂಬ ತಾಣದ ಮೇಲೆ ಸೆಕೆಂಡಿಗೆ 1.35 ಲಕ್ಷ ಕೋಟಿ ಬಿಟ್‌ಗಳಷ್ಟು ಪ್ರವಾಹ ನುಗ್ಗಿ, ಕೆಲವು ನಿಮಿಷಗಳ ಕಾಲ ಅದರ ಸೇವೆ ಕುಂಠಿತವಾಯಿತು.

ತಪ್ಪೆಲ್ಲ ದಾಳಿಕೋರನದೇ ಎಂದು ಕೈತೊಳೆದುಕೊಳ್ಳುವುದು ಸುಲಭ. ನಾವು ಅದನ್ನು ಒಪ್ಪುವುದಿಲ್ಲ. ಸುಳ್ಳು ವಿಳಾಸದ ಸಂದೇಶಗಳನ್ನು ಜಾಲದ ಹೊಸ್ತಿಲಿನಲ್ಲಿಯೇ ತಡೆಯಬೇಕೆಂಬ ಸಲಹೆ 2000ದಲ್ಲಿಯೇ ಪ್ರಕಟವಾಗಿತ್ತು. ಯುಡಿಪಿಯನ್ನು ಮೊದಲೇ ಮುಚ್ಚಿರಿಸಿದ 1.5.6ನೆಯ ಆವೃತ್ತಿಯು ಹೊರಬಂದದ್ದು ದಾಳಿಯ ಹಿಂದಿನ ದಿನ, ಫೆಬ್ರವರಿ 27ರಂದು. ಇಷ್ಟು ಚಿಕ್ಕ ತಿದ್ದುಪಡಿಗೆ ಅಷ್ಟು ವರ್ಷಗಳು ಬೇಕಾಗಿದ್ದವೆ? ತಿದ್ದುಪಡಿ ಬಂದರೂ, ಹಳೆಯದನ್ನೇ ನಡೆಸುವವರ ಬಾಗಿಲು ತೆರೆದೇ ಇರುತ್ತದೆಯಲ್ಲವೆ?

ತನಗೆ ನಷ್ಟವಿಲ್ಲವೆಂದು ಸರ್ವರ್‌ನ ಒಡೆಯನು ಸುಮ್ಮನಿದ್ದರೆ, ಅದರ ಬೆಲೆ ತೆರುವವನು ಬೇರೊಬ್ಬ. ಬೇಕಾದವನು ತೆರೆದುಕೊಳ್ಳಲಿ, ಬೇಡದವನಿಗೆ ಬಾಗಿಲು ಮೊದಲಿನಿಂದಲೇ ಮುಚ್ಚಿರಲಿ: ತಂತ್ರಾಂಶ ರಚನೆಗೆ ಈ ನಿಯಮವಿರಬೇಕೆಂಬುದು ನಮ್ಮ ಅಭಿಪ್ರಾಯ. ನಾಳೆ ಇಂಥ ತಂತ್ರಾಂಶಗಳನ್ನು ಬರೆಯುವವರು ಇಂದಿನ ವಿದ್ಯಾರ್ಥಿಗಳು. ಯಂತ್ರ ಎಷ್ಟು ಬೇಗ ಉತ್ತರಿಸುತ್ತದೆಂದು ಕೇಳುವಾಗಲೇ, ಅದು ಯಾರಿಗೆ ಉತ್ತರಿಸುತ್ತದೆಂದೂ ಅವರು ಕೇಳಬೇಕು.