ಒಂದೇ ಉಲ್ಕೆ, ಎರಡು ಊರು

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಗುರುಗಳ ಸ್ಮರಣೆಯನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರು ಅನೇಕರಿದ್ದಾರೆಂದು ತಿಳಿದು, ಬಹುಕಾಲದಿಂದ ಮನಸ್ಸಿನಲ್ಲಿದ್ದ ಒಂದು ಅಭಿಪ್ರಾಯವನ್ನು ಮುಂದಿಡಲು ನಿಶ್ಚಯಿಸಿದೆ. ಅದು ರಾತ್ರಿಯ ಆಕಾಶದ ಛಾಯಾಗ್ರಹಣಕ್ಕೆ ಸಂಬಂಧಿಸಿದುದು. ಇದನ್ನು ಉಳ್ಳವರ ಕಾಲಹರಣವೆಂದು ನಮ್ಮಲ್ಲಿ ಹಲವರು ಭಾವಿಸಿದ್ದಾರೆ. ಹಿಂದೂಪುರ, ಕಲ್ಯಾಣದುರ್ಗಗಳಲ್ಲಿ ನೆಲೆಸಿರುವ ನಮ್ಮ ಶಾಲೆಯ ಬಳಗ ಮನಸ್ಸು ಮಾಡಿದರೆ ಅದು ನಿಜವಾದ ವಿಜ್ಞಾನವಾಗಬಲ್ಲದೆಂಬುದು ನನ್ನ ವಾದ.

2001ರ ನವೆಂಬರ್ 18ರ ರಾತ್ರಿ ಸಿಂಹರಾಶಿಯ ಉಲ್ಕಾವೃಷ್ಟಿ ಬಹು ಜೋರಾಗಿತ್ತು. ಹಿಂದೂಪುರದ ಹೊರಗೆ ಕಡಲೆಕಾಯಿ ಹೊಲವೊಂದರ ಬದುವಿನ ಮೇಲೆ ಮುಕ್ಕಾಲಿ ಊರಿ, ಫಿಲಂ ಕ್ಯಾಮೆರಾದ ಷಟರನ್ನು ಹತ್ತು ಹತ್ತು ನಿಮಿಷ ತೆರೆದಿಟ್ಟು ನಾನು ಬೆಳಗಿನವರೆಗೆ ಕುಳಿತಿದ್ದೆ. ಸ್ಟುಡಿಯೋದವರು, "ಏನೂ ಬಿದ್ದಿಲ್ಲ ಸಾರ್, ಎಲ್ಲಾ ಕಪ್ಪು" ಎಂದು ಪ್ರಿಂಟ್ ಹಾಕದೆಯೇ ರೋಲನ್ನು ಹಿಂದಿರುಗಿಸಿದರು. ನೆಗೆಟಿವನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಒಂದು ಚಿತ್ರದಲ್ಲಿ ಕೂದಲೆಳೆಯಂಥ ಗೀರು ಕಂಡಿತು. ಅದೇ ರಾತ್ರಿ ಕಲ್ಯಾಣದುರ್ಗದಲ್ಲಿದ್ದ ನನ್ನ ಸಹಪಾಠಿಯ ಕ್ಯಾಮೆರಾದಲ್ಲಿಯೂ ಒಂದು ದೊಡ್ಡ ಉಲ್ಕೆ ಸೆರೆಯಾಗಿತ್ತು. ಎರಡೂ ಒಂದೇ ಉಲ್ಕೆಯೆಂದು ಅವನ ವಾದ. ಬೇರೆ ಬೇರೆ ಎಂದು ನನ್ನದು. ವೇಳೆಯನ್ನು ಅವನೂ ಬರೆದಿಟ್ಟಿರಲಿಲ್ಲ, ನಾನೂ ಬರೆದಿಟ್ಟಿರಲಿಲ್ಲ. ಆ ವ್ಯಾಜ್ಯ ಇಂದಿಗೂ ತೀರಿಲ್ಲ.

ನಮ್ಮ ಹಿರಿಯರು ಈ ವಿಷಯದಲ್ಲಿ ನಮಗಿಂತ ಎಚ್ಚರಿಕೆಯುಳ್ಳವರು. ದತ್ತಿ ಕೊಟ್ಟ ದಿನ ಗ್ರಹಣವಿದ್ದರೆ ಅದನ್ನು ಶಕವರ್ಷ, ತಿಥಿ, ವಾರಗಳೊಡನೆ ಕಲ್ಲಿನಲ್ಲಿ ಕೊರೆಯಿಸುತ್ತಿದ್ದರು. ಅಂಥ ಶಾಸನಗಳಿಂದ ಹಳೆಯ ಗ್ರಹಣಗಳನ್ನು ಗುರುತಿಸುವ ಕೆಲಸವನ್ನು ಡಾ. ಬಿ. ಎಸ್. ಶೈಲಜಾ ಅವರು ಮಾಡಿದ್ದಾರೆ. ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿ ನಮ್ಮ ಮಗ್ಗುಲಲ್ಲೇ ಇದೆ. ಕಲ್ಲಿನ ಮೇಲೆ ದಿನವನ್ನು ಬರೆಯಿಸಿದವರ ನಾಡಿನಲ್ಲಿ ಹುಟ್ಟಿ, ಕೈಯಲ್ಲಿ ಗಡಿಯಾರವಿದ್ದೂ ನಾವು ವೇಳೆ ಗುರುತಿಸಲಿಲ್ಲವಲ್ಲ ಎಂದು ನನಗೆ ನಾಚಿಕೆಯಾಗುತ್ತದೆ.

ವೇಳೆ ಬರೆದಿದ್ದರೆ ಏನಾಗುತ್ತಿತ್ತು? ಆ ಉಲ್ಕೆಯ ಎತ್ತರ ತಿಳಿಯುತ್ತಿತ್ತು. ಮುಖದ ಮುಂದೆ ಹೆಬ್ಬೆರಳು ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ ಬೆರಳು ಹಿಂದಿನ ಗೋಡೆಯ ಮೇಲೆ ಸ್ಥಾನ ಬದಲಿಸಿದಂತೆ ಕಾಣುತ್ತದೆ. ಹಾಗೆಯೇ ಎರಡು ಊರುಗಳಿಂದ ನೋಡಿದಾಗ ಒಂದೇ ಉಲ್ಕೆ ಬೇರೆ ಬೇರೆ ನಕ್ಷತ್ರಗಳ ನಡುವೆ ಹಾಯುತ್ತದೆ. ಆ ವ್ಯತ್ಯಾಸವನ್ನು ಅಳೆದರೆ ಉಳಿದುದು ತ್ರಿಕೋನದ ಲೆಕ್ಕ. 1798ರಲ್ಲಿ ಜರ್ಮನಿಯ ಗಟ್ಟಿಂಗೆನ್ನಿನಲ್ಲಿ ಬ್ರಾಂಡೆಸ್ ಮತ್ತು ಬೆನ್ಜೆನ್‌ಬರ್ಗ್ ಎಂಬಿಬ್ಬರು ಹೀಗೆಯೇ ಎರಡು ಕಡೆ ನಿಂತು ಉಲ್ಕೆಗಳ ಎತ್ತರವನ್ನು ಅಳೆದರು. ಅವರು ಆಗ ವಿದ್ಯಾರ್ಥಿಗಳು; ಕ್ಯಾಮೆರಾ ಇನ್ನೂ ಹುಟ್ಟಿರಲಿಲ್ಲ.

ನಮ್ಮ ಎರಡು ಊರುಗಳ ನಡುವೆ ನೇರ ಅಂತರ ಸುಮಾರು 90 ಕಿಲೋಮೀಟರ್. ಉಲ್ಕೆಗಳು ಉರಿಯುವ ಎತ್ತರವೂ ಹೆಚ್ಚುಕಡಿಮೆ ಅಷ್ಟೇ, 80ರಿಂದ 100 ಕಿಲೋಮೀಟರಿನ ಆಸುಪಾಸು. ಇದಕ್ಕಿಂತ ಒಳ್ಳೆಯ ಹೊಂದಾಣಿಕೆಯನ್ನು ಬಯಸಿ ಪಡೆಯುವುದು ಕಷ್ಟ. ಎರಡು ಊರಿಗೂ ನಡುವೆ, ಬಹುಮಟ್ಟಿಗೆ ಒಂದೇ ಗೆರೆಯ ಮೇಲೆ, ಪಾವಗಡವಿದೆ. ಹಿಂದೂಪುರದವರು ವಾಯವ್ಯಕ್ಕೂ ಉತ್ತರಕ್ಕೂ ನಡುವೆ, ಕಲ್ಯಾಣದುರ್ಗದವರು ಆಗ್ನೇಯಕ್ಕೂ ದಕ್ಷಿಣಕ್ಕೂ ನಡುವೆ, ದಿಗಂತದಿಂದ 60-65 ಡಿಗ್ರಿ ಮೇಲಕ್ಕೆ ಕ್ಯಾಮೆರಾ ತಿರುಗಿಸಿದರೆ ಇಬ್ಬರೂ ಪಾವಗಡದ ನೆತ್ತಿಯ ಮೇಲಿನ ಅದೇ ಆಕಾಶವನ್ನು ನೋಡುತ್ತಿರುತ್ತಾರೆ. (ಹಗಲಿನ ಬಿಸಿಲಿನಿಂದ ವಿದ್ಯುತ್ತು ತೆಗೆದು ಹೆಸರಾದ ಪಾವಗಡ, ಇರುಳಿನಲ್ಲೂ ನಮಗೆ ಉಪಕರಿಸಲಿ!) ಹಿಂದೂಪುರದವರಿಗೆ ಇನ್ನೊಂದು ಅನುಕೂಲ: ದಕ್ಷಿಣದ ಬೆಂಗಳೂರಿನ ಬೆಳಕು ಬೆನ್ನ ಹಿಂದೆ ಉಳಿಯುತ್ತದೆ.

ಇದಕ್ಕೆ ಡಿಸೆಂಬರ್ 13-14ರ ರಾತ್ರಿಯನ್ನು ನಾನು ಸೂಚಿಸುತ್ತೇನೆ. ಅಂದು ಮಿಥುನರಾಶಿಯ ಉಲ್ಕಾವೃಷ್ಟಿ. ಆಗಸ್ಟಿನ ಪ್ರಸಿದ್ಧ ಉಲ್ಕಾವೃಷ್ಟಿಯನ್ನು ನಮ್ಮ ಮಳೆಗಾಲದ ಮೋಡಗಳು ನುಂಗಿಬಿಡುತ್ತವೆ. ಅಗಲ ನೋಟದ ಮಸೂರ, 15 ಸೆಕೆಂಡಿನ ಚಿತ್ರಗಳು, ಒಂದರ ಹಿಂದೊಂದು, ಬೆಳಗಿನವರೆಗೆ. ಕ್ಯಾಮೆರಾದ ಗಡಿಯಾರವನ್ನು ಮೊಬೈಲಿನ ವೇಳೆಗೆ ಸೆಕೆಂಡಿನವರೆಗೂ ಸರಿಹೊಂದಿಸಿರಬೇಕು. ಪಕ್ಕದಲ್ಲಿ ಒಬ್ಬ ವಿದ್ಯಾರ್ಥಿ ನೋಟ್‌ಬುಕ್ ಹಿಡಿದು, ಕಂಡ ಪ್ರತಿ ಉಲ್ಕೆಯ ಕ್ಷಣವನ್ನೂ ಕನ್ನಡದಲ್ಲಿ ಬರೆಯಲಿ. ಆ ನೋಟ್‌ಬುಕ್ಕನ್ನು ನಾನು ಕ್ಯಾಮೆರಾಕ್ಕಿಂತ ಮೇಲೆಂದು ಎಣಿಸುತ್ತೇನೆ.

ಗೀರುಗಳೆಲ್ಲ ಉಲ್ಕೆಗಳಲ್ಲ. 2019ರ ಮೇ ತಿಂಗಳಲ್ಲಿ ಸ್ಟಾರ್‌ಲಿಂಕ್‌ನ ಮೊದಲ 60 ಉಪಗ್ರಹಗಳ ಗುಂಪು ಹಾರಿದಂದಿನಿಂದ ಸಂಜೆಯ ಮತ್ತು ನಸುಕಿನ ಚಿತ್ರಗಳಲ್ಲಿ ಉಪಗ್ರಹಗಳ ಗೆರೆಗಳು ಹೆಚ್ಚಿವೆ. ಉಲ್ಕೆ ಒಂದೇ ಚಿತ್ರದಲ್ಲಿ ಹುಟ್ಟಿ ಸಾಯುತ್ತದೆ; ಉಪಗ್ರಹ ಚಿತ್ರದಿಂದ ಚಿತ್ರಕ್ಕೆ ನಡೆದುಹೋಗುತ್ತದೆ; ವಿಮಾನ ಮಿಣುಕುತ್ತದೆ. ಮಕ್ಕಳು ಇದನ್ನು ಒಂದೇ ರಾತ್ರಿಯಲ್ಲಿ ಕಲಿಯುತ್ತಾರೆ.

ಒಂದು ಆಕ್ಷೇಪವನ್ನೂ ಹೇಳಿಬಿಡುತ್ತೇನೆ. ರಾತ್ರಿಯಿಡೀ ತೆಗೆದ ಉಲ್ಕೆಗಳನ್ನೆಲ್ಲ ಒಂದೇ ಆಕಾಶಕ್ಕೆ ಅಂಟಿಸಿ, ದೇವಸ್ಥಾನದ ಗೋಪುರವೊಂದನ್ನು ಮುಂದಿಟ್ಟು, ಊರೂರಿಗೆ ಕಳುಹಿಸುವ ಚಿತ್ರಗಳನ್ನು ಈಗ ಎಲ್ಲೆಲ್ಲೂ ಕಾಣುತ್ತೇವೆ. ಉಲ್ಕೆಗಳು ಒಂದೇ ಬಿಂದುವಿನಿಂದ ಹೊರಟಂತೆ ಕಾಣುವುದನ್ನು ತೋರಿಸಲು ಹಾಗೆ ಜೋಡಿಸಿ, ಜೋಡಿಸಿದ್ದೇವೆಂದು ಹೇಳಿದರೆ ತಪ್ಪಿಲ್ಲ. ಹೇಳದಿದ್ದರೆ ಅದು ಮದುವೆಯ ಆಲ್ಬಮ್ಮು.

ಮಕ್ಕಳ ಪರೀಕ್ಷೆಗೆ ಇದರಿಂದೇನು ಪ್ರಯೋಜನವೆಂದು ಪೋಷಕರು ಕೇಳಬಹುದು. ಹತ್ತನೆಯ ತರಗತಿಯ ತ್ರಿಕೋನಮಿತಿಯನ್ನು ದೀಪಸ್ತಂಭದ ಎತ್ತರಕ್ಕೆ ಪ್ರಯೋಗಿಸುವ ಬದಲು ಉರಿಯುವ ಉಲ್ಕೆಗೆ ಪ್ರಯೋಗಿಸಿದ ಹುಡುಗಿ ಅದನ್ನು ಮರೆಯುವಳೆಂದು ನನಗೆ ತೋರುವುದಿಲ್ಲ. ದೀಪಸ್ತಂಭವೆಂದಾಗ ನೆನಪಾಯಿತು: ಮಹೋತ್ಸವದ ನೆನಪಿಗೆ ಮೈದಾನದಲ್ಲಿ ದೊಡ್ಡ ದೀಪ ಹಾಕಿಸುವ ಯೋಚನೆ ಯಾರಿಗಾದರೂ ಇದ್ದರೆ, ಅದರ ಬೆಳಕು ನೆಲಕ್ಕೆ ಮಾತ್ರ ಬೀಳುವಂತೆ ಮೇಲೆ ಮುಚ್ಚಳವಿರಲಿ, ಆ ಒಂದು ರಾತ್ರಿ ಆರಿಸುವ ಗುಂಡಿಯೂ ಇರಲಿ.

ಕಲ್ಯಾಣದುರ್ಗದ ಸಹಪಾಠಿ ತನ್ನ ತೋಟದ ಪಂಪ್‌ಸೆಟ್ ಕೋಣೆಯ ತಾರಸಿಯನ್ನು ಬಿಟ್ಟುಕೊಡಲು ಒಪ್ಪಿದ್ದಾನೆ. ಅವನ ಬಳಿ ಕ್ಯಾಮೆರಾ ಇದೆ, ನನ್ನ ಬಳಿಯೂ ಇದೆ. ಹಿಂದೂಪುರದ ಕಡೆಗೆ ಗಟ್ಟಿಯಾದ ಒಂದು ಮುಕ್ಕಾಲಿ, ಚಳಿಗೆ ಹೆದರದ ನಾಲ್ವರು ವಿದ್ಯಾರ್ಥಿಗಳು ಬೇಕಾಗಿದ್ದಾರೆ.