ಊಟದ ಅರ್ಧ ಗಂಟೆ

ಬೈಕುಲ್ಲಾ ಸ್ಟೇಷನ್ನಿನ ಹತ್ತಿರದ ಒಂದು ಅಂಗಡಿಗೆ ಸಂಬಳ, ಹಾಜರಿಯ ಲೆಕ್ಕ ಬರೆದುಕೊಡುತ್ತೇನೆ. ಕೆಲಸಗಾರರು ಹದಿನಾಲ್ಕು ಮಂದಿ, ಅವರಲ್ಲಿ ಮೂವರು ನಮ್ಮ ಇಂಡಿ ಕಡೆಯವರು. ಮೊನ್ನೆ ಸೇಠ್ ಕೇಳಿದರು: ‘ಆ ಕಾನೂನು ಈಗ ನಮಗೆ ಅನ್ವಯಿಸುವುದಿಲ್ಲವಂತಲ್ಲ, ಊಟದ ಬಿಡುವು ತೆಗೆದುಬಿಡೋಣವೇ?’

ಅವರ ಮಾತಿನ ಮೊದಲರ್ಧ ನಿಜ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ, ಹತ್ತು ಅಥವಾ ಹೆಚ್ಚು ಕೆಲಸಗಾರರಿರುವಲ್ಲಿ ದಿನಕ್ಕೆ ಒಂಬತ್ತು ಗಂಟೆಯ ಮಿತಿ ಹಾಕಿತ್ತು. ಸತತ ಐದು ಗಂಟೆ ದುಡಿದವರಿಗೆ ಅರ್ಧ ಗಂಟೆ ಬಿಡುವು ಕೊಡಲೇಬೇಕಿತ್ತು. 2025ರ ಅಕ್ಟೋಬರಿನ ಸುಗ್ರೀವಾಜ್ಞೆ ಒಂಬತ್ತನ್ನು ಹತ್ತು ಮಾಡಿತು, ಐದನ್ನು ಆರು ಮಾಡಿತು. ಹೆಚ್ಚು ಚರ್ಚೆಯಾದದ್ದು ಹತ್ತು ಗಂಟೆಯ ದುಡಿಮೆ. ನನ್ನಂಥ ಲೆಕ್ಕದವರ ಕಣ್ಣಿಗೆ ಬಿದ್ದದ್ದು ಇನ್ನೊಂದು ಅಂಕಿ: ಕಾಯ್ದೆಯ ವ್ಯಾಪ್ತಿಗೆ ಬರಲು ಈಗ ಇಪ್ಪತ್ತು ಕೆಲಸಗಾರರು ಬೇಕು. ಹತ್ತರಿಂದ ಹತ್ತೊಂಬತ್ತು ಜನರಿರುವ ಅಂಗಡಿ, ಕಚೇರಿ, ಹೋಟೆಲುಗಳು ಹೊರಗೆ. ಮುಂಬಯಿಯಲ್ಲಿ ನಮ್ಮವರು ದುಡಿಯುವ ಜಾಗಗಳನ್ನು ಒಮ್ಮೆ ಎಣಿಸಿ ನೋಡಿ.

ಇದೇ ಊರಿನಲ್ಲಿ, 1884ರಲ್ಲಿ, ನಾರಾಯಣ ಮೇಘಾಜಿ ಲೋಖಂಡೆ ಗಿರಣಿ ಕಾರ್ಮಿಕರನ್ನು ಪರೇಲಿನಲ್ಲಿ ಸೇರಿಸಿ ಸುಮಾರು 5,500 ಸಹಿಗಳ ಮನವಿ ಸಿದ್ಧಪಡಿಸಿದ್ದರು. ಭಾನುವಾರದ ರಜೆಯ ಜೊತೆಗೆ ಅದರಲ್ಲಿ ಕೇಳಿದ್ದು ಮಧ್ಯಾಹ್ನದ ಅರ್ಧ ಗಂಟೆ ಬಿಡುವು. 1891ರ ಕಾರ್ಖಾನೆ ಕಾಯ್ದೆಯಲ್ಲಿ ಅದು ಸಿಕ್ಕಿತು. ಬೈಕುಲ್ಲಾದ ಖಟಾವ್ ಮಿಲ್ಲಿನಂಥ ಗಿರಣಿಗಳು ಮುಚ್ಚಿಹೋದವು. ಅರ್ಧ ಗಂಟೆ ಮಾತ್ರ ಅಂಗಡಿ, ಆಫೀಸುಗಳಲ್ಲಿ ಉಳಿದುಕೊಂಡಿತ್ತು. (ನಮ್ಮ ಕರ್ನಾಟಕದ 1961ರ ಅಂಗಡಿ ಕಾಯ್ದೆ ಇನ್ನೂ ಉದಾರಿ: ಐದು ಗಂಟೆ ದುಡಿದರೆ ಒಂದು ಗಂಟೆ.)

ಸೇಠ್ ಮಾತಿನ ಎರಡನೆಯ ಅರ್ಧ ತಪ್ಪು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಮೂರನೆಯ ಅನುಸೂಚಿಯಲ್ಲಿ ಕೆಲಸದ ಅವಧಿ ಮತ್ತು ವಿಶ್ರಾಂತಿ ಬಿಡುವು ಸೇರಿವೆ. ಅಂದರೆ, ಈಗಾಗಲೇ ಕೊಡುತ್ತಿರುವ ಬಿಡುವನ್ನು ಬದಲಿಸುವುದಿದ್ದರೆ ಕಾರ್ಮಿಕರಿಗೆ ನೋಟಿಸು ಕೊಟ್ಟು 21 ದಿನ ಕಾಯಬೇಕು. ಇದಕ್ಕೆ ಹತ್ತು, ಇಪ್ಪತ್ತರ ತಲೆ ಎಣಿಕೆ ಇಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಈ ನಿಯಮವಿತ್ತು. ಸಣ್ಣ ಅಂಗಡಿಯವರು ಅಷ್ಟು ದೂರ ಓದುತ್ತಿರಲಿಲ್ಲ. ನಾನೂ ಓದಿರಲಿಲ್ಲ.

ಇದೇನೂ ಗಟ್ಟಿ ರಕ್ಷಣೆಯಲ್ಲ. ನೋಟಿಸಿಗೆ ಕಾರ್ಮಿಕರ ಒಪ್ಪಿಗೆ ಬೇಕಿಲ್ಲ, ಮ್ಯಾನೇಜರ್ ದರ್ಜೆಯವರಿಗೆ ಇದು ಅನ್ವಯಿಸದು, ನಾಳೆ ಹೊಸದಾಗಿ ಸೇರುವವನಿಗೆ ಬಿಡುವಿಲ್ಲವೆಂದು ಹೇಳಿಯೇ ಸೇರಿಸಿಕೊಳ್ಳಬಹುದು. ಆದರೂ 21 ದಿನವೆಂದರೆ ತಕರಾರು ಎತ್ತಲು ಸಿಗುವ ಸಮಯ. ಆಗ ‘ಬಿಡುವು ಮೊದಲೂ ಇತ್ತು’ ಎಂದು ತೋರಿಸುವ ಕಾಗದ ಬೇಕು. ನೇಮಕಾತಿ ಪತ್ರದಲ್ಲಿ ಊಟದ ವೇಳೆ ಬರೆಸಿಕೊಳ್ಳಿ. ಆಗದಿದ್ದರೆ ಗೋಡೆಗೆ ಅಂಟಿಸಿದ ಡ್ಯೂಟಿ ಚಾರ್ಟಿನ ಫೋಟೊ ಆದರೂ ಮೊಬೈಲಿನಲ್ಲಿರಲಿ.

ಇಷ್ಟನ್ನು ಹೇಳಿದ ಮೇಲೆ ಸೇಠ್ ‘ಇರಲಿ ಬಿಡಿ’ ಎಂದರು. ಹಾಜರಿ ಪುಸ್ತಕದಲ್ಲಿ ಎರಡರಿಂದ ಎರಡೂವರೆ ಹಾಗೆಯೇ ಉಳಿಯಿತು. ಹೊರಡುವಾಗ ಗಡಿಯಾರ ನೋಡಿದೆ, ಎರಡೂಕಾಲು. ಇಂಡಿಯ ಹುಡುಗ ಕೌಂಟರಿನ ಹಿಂದೆ ನಿಂತೇ ರೊಟ್ಟಿ ಮುರಿಯುತ್ತಿದ್ದ. ಕುಳಿತು ಉಣ್ಣಬಾರದೇನಪ್ಪಾ ಎಂದೆ.

‘ಕುಂತ್ರ ಗಿರಾಕಿ ಹೊಳ್ಳಿ ಹೋಗ್ತಾರ್ರೀ ಸರ’ ಎಂದ.